ಪ್ರೆಸ್ಸಿನ ಕಿಟಕಿಯಲ್ಲಿ ಎಷ್ಟು ಕಡ್ಡಿ?

ಚನ್ನಗಿರಿ
9-1-2025

ಪೇಟೆ ಬೀದಿಯ ಈ ಮನೆಯ ಸಮಸ್ತ ಗೋಡೆಗಳೇ, ಗೂಡುಗಳೇ, ತಿಂಗಳಿಂದ ಯಾರೂ ತುಳಿಯದೆ ಬೇಸರಗೊಂಡಿರುವ ಹೊಲಿಗೆ ಮಿಷನ್ನೇ, ವೇದಿಕೆಯ ಮೇಲೆ ಅಂದರೆ ಜಗುಲಿಯ ಮೇಲೆ ಆಸೀನರಾಗಿ ಅವರೆಕಾಯಿ ಸುಲಿಯುತ್ತಿರುವ ಮಾತೃಶ್ರೀ ಅಜ್ಜಮ್ಮನವರೇ, ಮತ್ತು ಜಗಳೂರಿನ ತವರುಮನೆಯಲ್ಲಿ ಈ ಲಕೋಟೆಯ ಅಂಚನ್ನು ಕತ್ತರಿಯಿಂದ ನೀಟಾಗಿ ಕತ್ತರಿಸುತ್ತಿರುವ ಏಕೈಕ ಸಭಿಕರಾದ ಶ್ರೀಮತಿ ನೇತ್ರಾವತಿಯವರೇ,

ಎಲ್ಲರಿಗೂ ಕೊಟ್ರೇಶನ ನಮಸ್ಕಾರಗಳು. ಮನೆಗೆ ವೈಫೈ ಹಾಕಿಸುವ ಮಹತ್ಕಾರ್ಯಕ್ಕೆ ಈ ದಿನ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಚಾಲನೆ ನೀಡಲಾಯಿತು ಎಂದು ತಿಳಿಸಲು ಹರ್ಷವಾಗುತ್ತದೆ. ಚಾಲನೆ ಎಂದರೆ, ಪ್ರೆಸ್ಸಿನ ಶಟರನ್ನು ಅರ್ಧ ಎಳೆದು, ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿ, "ರೂಟರ್ ಅಂದ್ರೆ ಯಾವುದ್ರೀ, ಒಂದೀಟು ತೋರ್ಸ್ರಿ" ಎಂದು ಕೇಳಿ ಬಂದೆ.

ಅಂಗಡಿಯವನು ತೋರಿಸುವ ಮೊದಲು ನನ್ನನ್ನೇ ಪರೀಕ್ಷೆಗೆ ಕೂರಿಸಿದ.

"ಮನೇಲಿ ಎಷ್ಟು ರೂಮು ಸಾರ್?"

"ರೂಮು ಅಂತ ಇಲ್ಲ. ಮುಂದೆ ಪ್ರಿಂಟಿಂಗ್ ಪ್ರೆಸ್ಸು, ಆಮೇಲೆ ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಲು. ರೈಲಿನ ಡಬ್ಬಿ ಇದ್ದಂಗೆ ಒಂದರ ಹಿಂದೆ ಒಂದು ಅದಾವೆ."

"ಗೋಡೆ?"

"ಎರಡು ಅಡಿ ದಪ್ಪ. ಕಲ್ಲು, ಮಣ್ಣು."

ಅವನು ಎಕ್ಸರೇ ಹಿಡಿದ ಡಾಕ್ಟರರ ಹಾಗೆ ತಲೆಯಾಡಿಸಿ, "ಕಷ್ಟ ಐತೆ" ಎಂದ.

ಹೀಗಾಗಿ ಅಧ್ಯಯನ ಮಾಡಿಯೇ ಮುಂದುವರಿಯಬೇಕೆಂದು ತೀರ್ಮಾನಿಸಿದ್ದೇನೆ. ಪೂಜಾಳಿಗೆ ಹಾಸ್ಟೆಲಿಗೆ ಫೋನು ಮಾಡಿ ಕೇಳಿದೆ. "ಅಪ್ಪ, ನನ್ನ ಕೇಳಬೇಡ, ಅಮ್ಮನ್ನ ಕೇಳು" ಎಂದು ಇಟ್ಟುಬಿಟ್ಟಳು. ಮಗಳು ಯಾವ ಪಕ್ಷದಲ್ಲಿದ್ದಾಳೆ ಎಂಬುದು ಇದರಿಂದ ಸ್ಪಷ್ಟ.

ನೀನು ಬಸ್ಸು ಹತ್ತುವಾಗ ಹೇಳಿದ ಎರಡು ಮಾತೂ ನೆನಪಿವೆ. ಡಿಸೆಂಬರ್ ಹನ್ನೆರಡರಂದು ನೀನು ಫೋನಿನ ಮುಂದೆ ಕೂತು ಸೀರೆ ಕುಚ್ಚು ಕಟ್ಟುವುದನ್ನು ಕಲಿಸುತ್ತಿದ್ದಾಗ ಕ್ಲಾಸು ಅರ್ಧಕ್ಕೇ ನಿಂತುಹೋಯಿತು. ನೋಡಲು ಕೂತಿದ್ದ ದಾವಣಗೆರೆಯ ಸೀರೆ ಅಂಗಡಿಯ ಮೇಡಂ, "ನಿಮ್ಮನೇಲಿ ನೆಟ್ಟೇ ನಿಲ್ಲಲ್ಲ, ಬ್ಯಾಚು ಹೆಂಗೆ ಕೊಡೋದು" ಅಂದರು. ನೀನು ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಬ್ಯಾಗು ತುಂಬಿದೆ. "ಸರಿಯಾಗಿ ವೈಫೈ ಹಾಕ್ಸಿ, ಆಮೇಲೆ ಬರ್ತೀನಿ" ಎಂಬುದು ಮೊದಲ ಮಾತು. "ಫೋನ್ ಮಾಡಬೇಡ್ರಿ, ಕಾಗದ ಬರೀರಿ. ಫೋನಿನಲ್ಲಿ ನೀವು ಪ್ರಾಸ ಹಾಕಿ ಜಾರ್ಕೊಂತೀರಿ" ಎಂಬುದು ಎರಡನೆಯದು. ಕಾಗದದಲ್ಲಿಯೂ ಪ್ರಾಸ ಹಾಕಬಹುದು ಎಂಬುದನ್ನು ನೀನು ಯೋಚಿಸಿದಂತಿಲ್ಲ:

ರೂಟರು ಎಂದರೆ ಮೋಟರು ಅಲ್ಲ, ನೀರನು ಎತ್ತೋದಿಲ್ಲ;
ನಾಲ್ಕು ಕೊಂಬಿದ್ದರೂ ಕೂಡ ಅದು ಯಾರಿಗೂ ಹಾಯೋದಿಲ್ಲ.

ಕೊಂಬು ಎಂದರೆ ಆಂಟೆನಾ. ಅಂಗಡಿಯಲ್ಲಿ ಎರಡು ಕೊಂಬಿನದು, ನಾಲ್ಕು ಕೊಂಬಿನದು, ಆರು ಕೊಂಬಿನದು ಇವೆ. ಯಾವುದು ತರಲಿ?

ಇಂತಿ,
ಅಧ್ಯಯನನಿರತ
ಕೊಟ್ರೇಶ


ಜಗಳೂರು
17-1-2025

ಪೂಜಾಳ ಅಪ್ಪನವರಿಗೆ ನೇತ್ರಾವತಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಅತ್ತೆ ದಿನಾ ಫೋನು ಮಾಡುತ್ತಾರೆ. ನೀವು ಸಂಕ್ರಾಂತಿಗೆ ಎಳ್ಳು ಹುರಿದು ಕರಕಲು ಮಾಡಿದ್ದು ನನಗೆ ಗೊತ್ತು.

ಕೊಂಬು ಎಣಿಸಬೇಡಿ. ನನಗೂ ಮೊದಲು ಗೊತ್ತಿರಲಿಲ್ಲ, ತಮ್ಮ ಶರಣುವಿನ ಮನೆಯಲ್ಲಿ ಕೂತು ದಿನಾ ಒಂದೊಂದು ತಿಳಿದುಕೊಳ್ಳುತ್ತಿದ್ದೇನೆ. ಎಲ್ಲರೂ ನೆಟ್ ಎಷ್ಟು ಜೋರಾಗಿ ಮನೆಯೊಳಕ್ಕೆ ಬರುತ್ತದೆ ಎಂದು ಕೇಳುತ್ತಾರೆ, ಸಿನಿಮಾ ನೋಡುವವರಿಗೆ ಅದು ಸರಿ. ನನ್ನದು ಹೊರಗೆ ಹೋಗಬೇಕಾದ ಚಿತ್ರ. ನನ್ನ ಬೆರಳು ದಾರವನ್ನು ಹೆಂಗೆ ತಿರುಗಿಸಿತು ಎಂಬುದು ಹರಿಹರದವಳಿಗೂ ಹಾವೇರಿಯವಳಿಗೂ ಕಾಣಬೇಕು. ಅರೆಗಳಿಗೆ ಚಿತ್ರ ನಿಂತರೆ ಒಂದು ಎಳೆ ತಪ್ಪುತ್ತದೆ. ಒಂದು ಎಳೆ ತಪ್ಪಿದರೆ ಕುಚ್ಚು ಸೊಟ್ಟ, ಸೆರಗು ಹಾಳು. ಆದ್ದರಿಂದ ಲೈನು ಕೊಡುವವರನ್ನು "ಅಪ್‌ಲೋಡ್ ಎಷ್ಟು ಕೊಡ್ತೀರಿ" ಎಂದು ಕೇಳಿ. ಡೌನ್‌ಲೋಡ್ ಹೇಳಿ ಬಾಯಿ ಮುಚ್ಚಿಸಲು ನೋಡುತ್ತಾರೆ, ಬಿಡಬೇಡಿ.

ಒಂದು ಸುದ್ದಿ ಇದೆ. ಸೀರೆ ಅಂಗಡಿಯ ಮೇಡಂ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಯುಗಾದಿ ಕಳೆದು ಏಪ್ರಿಲ್ ಏಳಕ್ಕೆ ಮತ್ತೆ ಒಂದು ಕ್ಲಾಸು ನೋಡುತ್ತಾರೆ. ಒಪ್ಪಿದರೆ ಅರವತ್ತು ಹೆಂಗಸರ ಬ್ಯಾಚು ಖಾಯಂ. ಶರಣು, "ಅಕ್ಕಾ, ಅಂಗಡಿ ಮೇಲಿನ ರೂಮು ಖಾಲಿ ಐತೆ, ಇಲ್ಲೇ ಶುರು ಮಾಡ್ಬಿಡು, ಏನಂತೆ?" ಅಂತಾನೆ. ಇಲ್ಲಿ ನೆಟ್ಟು ಕಡಿಯುವುದಿಲ್ಲ. ನಾನು ಇನ್ನೂ ಏನೂ ಹೇಳಿಲ್ಲ. ಇಲ್ಲಿ ಶುರುವಾದರೆ ಇಲ್ಲೇ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಅದು ನಿಮಗೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಕರಪತ್ರದ ಒಕ್ಕಣೆ ಜೊತೆಗಿದೆ. ಐನೂರು ಪ್ರತಿ ಬೇಕು. ಊರಿನ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ, ಮಾರ್ಚ್ ಇಪ್ಪತ್ತರೊಳಗೆ ಹೇಳುತ್ತೇನೆ. ದಯವಿಟ್ಟು ಅದಕ್ಕೆ ಪ್ರಾಸ ಸೇರಿಸಬೇಡಿ.

ರೂಟರ್ ತರುವ ಮೊದಲು ಮನೆಯನ್ನೆಲ್ಲ ಅಳೆಯಿರಿ. ಈಗ ಫೋನಿಗೆ ಎಲ್ಲಿ ಎಷ್ಟು ಕಡ್ಡಿ ಟವರ್ ಬರುತ್ತದೆ ಎಂದು ಒಂದೊಂದು ಕಡೆ ನಿಂತು ನೋಡಿ ಬರೆಯಿರಿ. ಮುಖ್ಯವಾಗಿ ಪ್ರೆಸ್ಸಿನ ಕಿಟಕಿ. ನನ್ನ ಸಿಮ್ಮಿಗೆ ಮನೆಯೊಳಗೆ ಟವರ್ ಇಲ್ಲವೆಂದು ಅವತ್ತು ನಿಮ್ಮ ಫೋನನ್ನು ಆ ಕಿಟಕಿಯಲ್ಲಿ ಇಟ್ಟು, ಅದರ ಹಾಟ್‌ಸ್ಪಾಟಿನಿಂದ ತಾನೆ ನಡುಮನೆಯಲ್ಲಿ ಕ್ಲಾಸು ಮಾಡಿದ್ದು? ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿ ಎಷ್ಟು ಕಡ್ಡಿ ಇರುತ್ತದೆ ನೋಡಿ. ಕೈಕೊಟ್ಟದ್ದು ಟವರೋ ಗೋಡೆಯೋ ಗೊತ್ತಾಗದೆ ಔಷಧ ತರುವುದು ಹೆಂಗೆ?

ಇಂತಿ,
ನೇತ್ರಾವತಿ


ಚನ್ನಗಿರಿ
2-2-2025

ಶ್ರೀಮತಿ ನೇತ್ರಾವತಿಯವರ ಸನ್ನಿಧಾನಕ್ಕೆ,

ಮದುವೆ ಕಾಲ. ಕಾರ್ಡು ತಲುಪಿಸುವ ನೆಪದಲ್ಲಿ ಹದಿನೈದು ದಿನ ಊರೂರು ಸುತ್ತಿದೆ. ಹೋದ ಮನೆಯಲ್ಲೆಲ್ಲ ನೀರು ಕುಡಿದ ತಕ್ಷಣ, "ನಿಮ್ಮ ರೂಟರ್ ಎಲ್ಲೈತೆ, ನೋಡಬಹುದಾ?" ಎಂದು ಕೇಳಿದೆ. ಕೆಲವರು ನನ್ನನ್ನು ಸರ್ವೆಗೆ ಬಂದವನೆಂದು ತಿಳಿದು ಆಧಾರ್ ಕಾರ್ಡು ತಂದು ಕೊಟ್ಟರು.

ಹೊನ್ನಾಳಿಯ ಬೆನಕಪ್ಪನವರ ಮನೆಯಲ್ಲಿ ಅದು ಫ್ರಿಜ್ಜಿನ ಮೇಲಿದೆ. ಮೇಲೊಂದು ಕ್ರೋಶಾ ಹೆಣಿಗೆಯ ಹೊದಿಕೆ, ಹೊದಿಕೆಯ ಮೇಲೆ ಪ್ಲಾಸ್ಟಿಕ್ ಗುಲಾಬಿ. ಸಾಸ್ವೆಹಳ್ಳಿಯಲ್ಲಿ ಒಬ್ಬರು ಹೊಲದ ಕಡೆಯ ಕಿಟಕಿಯ ಸರಳಿಗೆ ಎಮ್ಮೆಯ ಹಗ್ಗದಿಂದ ಕಟ್ಟಿದ್ದಾರೆ. ಪಂಪ್‌ಸೆಟ್ಟಿನ ತನಕ ನೆಟ್ ಬರಲಿ ಎಂದು. ಕೆರೆಬಿಳಚಿಯಲ್ಲಿ ಅಟ್ಟದ ಮೇಲೆ, ಈರುಳ್ಳಿಯ ನಡುವೆ. ನ್ಯಾಮತಿಯ ಪ್ರೇಮಮ್ಮನವರಂತೂ ಶೋಕೇಸಿನ ಗಾಜಿನೊಳಗೆ, ಮಗಳ ಓಟದ ಕಪ್ಪುಗಳ ಸಾಲಿನಲ್ಲಿಟ್ಟು ಬೀಗ ಹಾಕಿದ್ದಾರೆ.

"ಒಳಗಿಟ್ರೆ ಧೂಳು ಬೀಳಲ್ಲ ನೋಡ್ರಿ. ನೆಟ್ಟು ಒಂಚೂರು ನಿಧಾನ. ಆದ್ರೆ ಸಾಮಾನು ಎಷ್ಟು ಹೊಸದಾಗೈತೆ!" ಎಂದರು.

ಒಂದಂತೂ ಖಚಿತವಾಯಿತು. ಈ ವಸ್ತುವನ್ನು ಎಲ್ಲಿಡಬೇಕೆಂದು ನಮ್ಮ ಸೀಮೆಯಲ್ಲಿ ಯಾರಿಗೂ ಗೊತ್ತಿಲ್ಲ. ಟೀವಿಗೆ ಸ್ಟ್ಯಾಂಡು ಇದೆ, ದೇವರಿಗೆ ಜಗುಲಿ ಇದೆ, ಒಲೆಗೆ ಕಟ್ಟೆ ಇದೆ. ಇದಕ್ಕಿನ್ನೂ ಜಾಗ ಹುಟ್ಟಿಲ್ಲ. ಹೊಸ ಸೊಸೆಯ ಹಾಗೆ, ಎಲ್ಲಿ ಕೂತರೂ ಯಾರೋ ಒಬ್ಬರು ಎಬ್ಬಿಸುತ್ತಾರೆ.

ಇನ್ನು ನೀನು ಹೇಳಿದ ಅಳತೆ. ಅಡುಗೆಮನೆಯಲ್ಲಿ ಒಂದು ಕಡ್ಡಿ, ಒಲೆಯ ಕಡೆಗೆ ತಿರುಗಿದರೆ ಅದೂ ಇಲ್ಲ. ಬಚ್ಚಲಿನಲ್ಲಿ ಸೊನ್ನೆ. ಹಂಡೆಯ ಹಿಂದೆ ನಿಂತೂ ನೋಡಿದೆ, ಸೊನ್ನೆಯೇ. ಹಿತ್ತಲಿನಲ್ಲಿ ನೆಲದ ಮೇಲೆ ಒಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿದರೆ ಮೂರು. ಒಂದೂವರೆ ಅಡಿಗೆ ಎರಡು ಕಡ್ಡಿ ಹೆಚ್ಚುವುದು ಹೇಗೆ ಎಂದು ಏಳೆಂಟು ಸಲ ಹತ್ತಿ ಇಳಿದೆ. ಪಕ್ಕದ ಮನೆಯ ಭೀಮಕ್ಕ ಬೇಲಿಯಾಚೆಯಿಂದ ನೋಡಿದಳು.

"ಏನ್ ಕೊಟ್ರೇಶಣ್ಣ, ಕಲ್ಲು ಹತ್ತಿ ಭಾಷಣನಾ?"

"ಟವರ್ ಎಲ್ಲಿ ಸಿಗ್ತೈತೆ ಅಂತ ನೋಡಾಕೆ ಹತ್ತಿದೀನಿ ಕಣಕ್ಕ."

"ಅದನ್ನ ನನ್ನ ಕೇಳಿದ್ರೆ ಹೇಳ್ತಿದ್ನಲ್ಲ! ನೇತ್ರಮ್ಮ ದಿನಾ ಆ ಕಲ್ಲಿನ ಮೇಲೇ ನಿಂತು ಮಾತಾಡೋಳು. ಮಳೆ ಬಂದ್ರೆ ತಲೆ ಮೇಲೆ ಮೊರ ಹಿಡ್ಕೊಂಡು. ನಿನಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಕೂತು ಇಪ್ಪತ್ತು ವರ್ಷ ಊರಿನವರ ಲಗ್ನಪತ್ರಿಕೆ ಅಚ್ಚು ಹಾಕಿದ್ದೇನೆ. ಹಿತ್ತಲಿನಲ್ಲಿ ಮೊರ ಹಿಡಿದು ನಿಂತವಳನ್ನು ನೋಡಿಲ್ಲ. ಇದನ್ನು ಪ್ರಾಸಕ್ಕೆ ಕೂರಿಸಲು ನೋಡಿದೆ, ಕೂರಲಿಲ್ಲ.

ಜಗುಲಿಯಲ್ಲಿ ಎರಡು ಕಡ್ಡಿ, ದೇವರ ಗೂಡಿನ ಮುಂದೆ ಒಂದೂವರೆ. ಅಳತೆ ಮುಗಿಯಿತು.

ಇಂತಿ,
ಸರ್ವೆ ಕೊಟ್ರೇಶ


ಜಗಳೂರು
9-2-2025

ಪೂಜಾಳ ಅಪ್ಪನವರಿಗೆ,

ಪ್ರೇಮಮ್ಮನವರ ಶೋಕೇಸಿನ ಕಥೆಯನ್ನು ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಕ್ಕ ಮೇಲೆ ಶರಣು ಎದ್ದು ಹೋಗಿ, ತನ್ನ ಮನೆಯ ರೂಟರಿನ ಮುಂದಿದ್ದ ಫೋಟೋವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ಎರಡು ಬ್ಯಾಂಡಿನದು ತನ್ನಿ. ಅದರಲ್ಲಿ ಎರಡು ಬಗೆಯ ಅಲೆ ಹೊರಡುತ್ತದೆ. ಒಂದು ನಿಧಾನ, ಆದರೆ ಗೋಡೆಯಾಚೆಗೂ ಸ್ವಲ್ಪ ಹೋಗುತ್ತದೆ. ಇನ್ನೊಂದು ಚುರುಕು, ಆದರೆ ಗೋಡೆ ಕಂಡರೆ ಅಲ್ಲೇ ನಿಲ್ಲುತ್ತದೆ. ನಮ್ಮ ಗೋಡೆಯ ಮುಂದೆ ಎರಡನ್ನೂ ನಂಬಲಾಗದು. ಅದಕ್ಕೇ ಪೆಟ್ಟಿಗೆ ಪ್ರೆಸ್ಸಿನಲ್ಲಿ ಬೇಡ. ತಂತಿಯನ್ನೇ ನಡುಮನೆಗೆ ಎಳೆಸಿ, ನಾನು ಕೂರುವ ಜಾಗ ಅದರ ಎದುರಿಗೇ ಬರುವ ಹಾಗೆ ಎತ್ತರದಲ್ಲಿ, ತೆರೆದ ಕಡೆ ಇಡಿಸಿ. ಮೇಲೆ ಹೊದಿಕೆ ಬೇಡ, ಹೂವು ಬೇಡ, ಬೀಗ ಬೇಡ.

ಕಲ್ಲಿನ ವಿಷಯ. ಒಂದೂವರೆ ಅಡಿಯಲ್ಲಿ ಎರಡು ಕಡ್ಡಿ ಹೆಚ್ಚುವುದು ಯಾಕೆ ಎಂದು ನಾನೂ ಎಷ್ಟೋ ದಿನ ಯೋಚಿಸಿದ್ದೆ. ಹಿಂದುಗಡೆ ಕಾಂಪೌಂಡಿನ ಮೇಲಿನ ತಗಡು ಕಣ್ಣಿನ ಮಟ್ಟಕ್ಕೆ ಬರುತ್ತದಲ್ಲ, ಕಲ್ಲು ಹತ್ತಿದರೆ ಫೋನು ಅದನ್ನು ದಾಟುತ್ತದೆ. ನಿಮಗೆ ಹೇಳೋಣ ಎಂದುಕೊಂಡಿದ್ದೆ. ನೀವು ಯಾವಾಗಲೂ ಕಾರ್ಡಿನ ಗಡಿಬಿಡಿಯಲ್ಲಿರುತ್ತಿದ್ದಿರಿ.

ಬಚ್ಚಲು ಅಳೆದಿರಿ, ಹಂಡೆಯ ಹಿಂದೆಯೂ ಅಳೆದಿರಿ. ಪ್ರೆಸ್ಸಿನ ಕಿಟಕಿ ಬಿಟ್ಟುಹೋಗಿದೆ. ಮುಂದಿನ ಕಾಗದದಲ್ಲಿ ಬರೆಯಿರಿ.

ಇಂತಿ,
ನೇತ್ರಾವತಿ


ಚನ್ನಗಿರಿ
1-3-2025

ಸಮಸ್ತ ಸಭಿಕರ ಗಮನಕ್ಕೆ: ಬಂತು! ಬಂತು, ನಿಂತಿತು, ಹೋಯಿತು, ಸಿಕ್ಕಿತು. ವಿವರಗಳು ಕೆಳಗಿವೆ.

ಲೈನು ಎಳೆಯಲು ನ್ಯಾಮತಿ ಕಡೆಯ ಮೈಲಾರಿ ಬಂದಿದ್ದ. ನನ್ನದೇ ವಯಸ್ಸು, ಹೆಗಲಿಗೆ ತಂತಿಯ ಸುರುಳಿ, ಬಾಯಿಗೆ ಎಲೆಅಡಿಕೆ. "ಅಪ್‌ಲೋಡ್ ಎಷ್ಟು ಕೊಡ್ತೀರಿ?" ಎಂದು ನೀನು ಹೇಳಿಕೊಟ್ಟ ಹಾಗೆಯೇ ಕೇಳಿದೆ. ಅವನು ಎಲೆಅಡಿಕೆ ಉಗುಳಿ ಬಂದು ಮರ್ಯಾದೆಯಿಂದ ಉತ್ತರ ಹೇಳಿದ.

ಪ್ರೆಸ್ಸಿನಿಂದ ನಡುಮನೆಗೆ ತಂತಿ ಹೋಗಬೇಕಲ್ಲ, ಗೋಡೆ ಕೊರೆಯಲು ಶುರು ಮಾಡಿದ. ಅವನ ಡ್ರಿಲ್ಲಿನ ಮೊನೆ ಒಂದು ಅಡಿ, ನಮ್ಮ ಗೋಡೆ ಎರಡು ಅಡಿ. "ಈ ಕಡೆಯಿಂದ ಒಂದಡಿ, ಆ ಕಡೆಯಿಂದ ಒಂದಡಿ ಕೊರೆಯಾನ, ನಡುವೆ ಸೇರ್ತಾವೆ" ಎಂದ. ಕೊರೆದ. ಸೇರಲಿಲ್ಲ. ಒಂದು ತೂತು ಬಡಗಣಕ್ಕೆ ಹೋಗಿದೆ, ಇನ್ನೊಂದು ತೆಂಕಣಕ್ಕೆ. ಈಗ ನಮ್ಮ ಗೋಡೆಯೊಳಗೆ ಎರಡು ಕುರುಡು ತೂತುಗಳು ಒಂದನ್ನೊಂದು ಹುಡುಕುತ್ತಾ ಕೂತಿವೆ.

ಅವ್ವ ಅಷ್ಟೂ ಹೊತ್ತು ನೋಡಿ, "ಮುಗೀತಾ ನಿಮ್ದು? ಮೇಲೆ ಗವಾಕ್ಷಿ ಐತಲ್ಲ, ಅದರೊಳಗೆ ತೂರ್ಸಾಕೆ ಏನಾಗೈತೆ?" ಎಂದಳು. ಬಾಗಿಲ ಮೇಲೆ, ತಾತನ ಕಾಲದಿಂದ ಬೆಳಕಿಗಾಗಿ ಬಿಟ್ಟ ಗಂಡಿ. ತಂತಿ ಎರಡು ನಿಮಿಷದಲ್ಲಿ ಆಚೆ ಹೋಯಿತು.

"ಮೊದಲೇ ಹೇಳಬಾರದಿತ್ತೇನವ್ವ?"

"ನೀವು ಕೇಳಿದ್ರೇನು?"

ರೂಟರನ್ನು ನಡುಮನೆಯ ಗೋಡೆಯ ಗೂಡಿನಲ್ಲಿ ಇಟ್ಟೆವು. ನಿನ್ನ ಜಾಗಕ್ಕೆ ನೇರ ಎದುರು. ನಾಲ್ಕು ಕೊಂಬಿನದು, ಹೆದರಬೇಡ, ಎರಡು ಬ್ಯಾಂಡೂ ಇದೆ. ಪಾಸ್‌ವರ್ಡಿಗೆ ಒಂದು ದ್ವಿಪದಿಯನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದೆ. ಅವ್ವನ ಫೋನಿಗೆ ಅದನ್ನು ಒತ್ತುವಷ್ಟರಲ್ಲಿ ಮೈಲಾರಿ ಊಟ ಮುಗಿಸಿ, ಕೈ ತೊಳೆದು, "ಅಣ್ಣಾರೇ, ನಮಸ್ಕಾರ ಮಾಡ್ತೀನಿ, ಎಂಟಕ್ಷರ ಸಾಕು" ಎಂದ. ಬದಲಾಯಿಸಿದೆ.

ಈಗ ರಹಸ್ಯದ ಭಾಗ. ಹಗಲೆಲ್ಲ ನೆಟ್ಟು ಕುದುರೆ. ಸಂಜೆ ಏಳಾದರೆ ಸತ್ತುಹೋಗುತ್ತದೆ. ಬೆಳಿಗ್ಗೆ ಎಂಟಕ್ಕೆ ತಾನಾಗಿ ಏಳುತ್ತದೆ. ಮೈಲಾರಿ ಎರಡು ಸಲ ಹಗಲು ಹೊತ್ತು ಬಂದು ನೋಡಿ, "ಲೈನು ಸರಿಗೈತೆ, ಸಂಜೆ ಊರೋರೆಲ್ಲ ಸೀರಿಯಲ್ ನೋಡ್ತಾರೆ, ಲೋಡು" ಎಂದ. ನನಗೆ ಸಮಾಧಾನವಾಗಲಿಲ್ಲ. ಲೋಡಾದರೆ ನಿಧಾನವಾಗಬೇಕು, ಗಂಟೆ ಹೊಡೆದ ಹಾಗೆ ಏಳಕ್ಕೇ ಹೋಗುವುದೇಕೆ? ಮೊನ್ನೆ ಆರೂವರೆಯಿಂದಲೇ ಫೋನು ಹಿಡಿದು, ಬೆಕ್ಕಿನಂತೆ ಪ್ರೆಸ್ಸಿನ ಬಾಗಿಲಲ್ಲಿ ಹೊಂಚು ಹಾಕಿದೆ.

ಏಳಕ್ಕೆ ಸರಿಯಾಗಿ ಅವ್ವ ಬಂದಳು. ಕೈಯಲ್ಲಿ ಹೆಪ್ಪು ಹಾಕಿದ ಹಾಲಿನ ಪಾತ್ರೆ. ಅದನ್ನು ರೂಟರಿನ ಬೆನ್ನ ಮೇಲೆ ಇಟ್ಟಳು. ಕೊಂಬುಗಳನ್ನು ಒಂದೊಂದಾಗಿ ಮಡಿಸಿದಳು. ಹಿಟ್ಟು ನಾದುವ ದೊಡ್ಡ ಸ್ಟೀಲ್ ಪರಾತವನ್ನು ತಂದು ಗೂಡಿಗೆ ಬಾಗಿಲಿನಂತೆ ಒರಗಿಸಿದಳು.

"ಅವ್ವಾ! ಏನು ಮಾಡ್ತಿದೀಯ?"

"ಕೂಗ್ಬೇಡ. ಚಳಿಗೆ ಮೊಸರು ಹೆಪ್ಪಾಗ್ತಿರಲಿಲ್ಲ. ಇದು ಬೆಚ್ಚಗೆ ಐತೆ. ಪರಾತ ಇಡದಿದ್ರೆ ಬೆಕ್ಕು ಬಾಯಿ ಹಾಕ್ತೈತೆ."

"ಅದು ನೆಟ್ಟಿನ ಪೆಟ್ಟಿಗೆ!"

"ಹೂಂ, ಗೊತ್ತು. ವಾರದಿಂದ ಮೊಸರು ಕಲ್ಲಿನಂಗೆ ಬರ್ತೈತೆ. ತಿನ್ನುವಾಗ ಕೇಳಲಿಲ್ಲ ನೀನು."

ಕೇಳಿರಲಿಲ್ಲ, ನಿಜ. ಎರಡೆರಡು ಸಲ ಹಾಕಿಸಿಕೊಂಡು ತಿಂದಿದ್ದೆ. ಪರಾತ ಸರಿಸಿದರೆ ಅರ್ಧ ನೆಟ್ಟು ಬರುತ್ತದೆ, ಪಾತ್ರೆಯನ್ನೂ ಇಳಿಸಿದರೆ ಪೂರ್ತಿ. ಹಾಲಿಗೂ ಅಲೆಗೂ ಆಗಿಬರುವುದಿಲ್ಲ ಎಂದು ಈ ಮೂಲಕ ಸಾಬೀತುಪಡಿಸಿದ್ದೇನೆ. ಈಗ ಮೊಸರು ಒಲೆಯ ಪಕ್ಕಕ್ಕೆ ವರ್ಗವಾಗಿದೆ. ನೀರು ನೀರಾಗಿದೆ. ಅಪ್‌ಲೋಡ್ ನಲವತ್ತು ಬರುತ್ತಿದೆ.

ಅಂತೂ ನಿನ್ನ ಷರತ್ತು ಪೂರ್ಣಗೊಂಡಿದೆ. ಶಿವರಾತ್ರಿಗೆ ನೀನಿಲ್ಲದೆ ಅವ್ವನೇ ತಂಬಿಟ್ಟು ಕಟ್ಟಿದಳು. ನಿನ್ನ ಪಾಲನ್ನು ಡಬ್ಬಿಯಲ್ಲಿ ಹಾಕಿ ಇಟ್ಟಿದ್ದಾಳೆ. ಯಾವ ಬಸ್ಸಿಗೆ ಬರುತ್ತೀ ಬರೆ.

ಇಂತಿ,
ಜಯಶಾಲಿ ಕೊಟ್ರೇಶ


ಜಗಳೂರು
9-3-2025

ಪೂಜಾಳ ಅಪ್ಪನವರಿಗೆ,

ಅತ್ತೆಗೆ ಫೋನು ಮಾಡಿ ಮೊಸರಿನ ವಿಷಯ ಕೇಳಿದೆ. "ನಿನ್ನ ಪೆಟ್ಟಿಗೆಗೆ ನಾನೇನೂ ಮಾಡಿಲ್ಲ ಕಣಮ್ಮ, ಮೇಲೊಂದು ಪಾತ್ರೆ ಇಟ್ಟೆ ಅಷ್ಟೆ" ಅಂದರು. ಇಬ್ಬರೂ ನಕ್ಕು ನಕ್ಕು ಸಾಕಾಯಿತು. ಪರಾತ, ಪಾತ್ರೆ ಒಂದೊಂದಾಗಿ ಸರಿಸಿ ನೋಡಿದಿರಲ್ಲ, ಅದು ನನಗೆ ಬಹಳ ಹಿಡಿಸಿತು. ಮೈಲಾರಿ ಹೇಳಿದ್ದನ್ನು ನಂಬಿ ಸುಮ್ಮನೆ ಕೂರಲಿಲ್ಲ ನೀವು. ಏಳಕ್ಕೇ ಹೋಗುವುದೇಕೆ ಎಂದು ಕೇಳಿದಿರಿ.

ನಾನೂ ಒಂದು ವಿಷಯವನ್ನು ಹಾಗೆಯೇ ನೋಡಿದೆ. ಅಂಗಡಿಯ ಮೇಡಂ ಆವತ್ತಿನ ಕ್ಲಾಸನ್ನು ರೆಕಾರ್ಡ್ ಮಾಡಿಕೊಂಡಿದ್ದರಂತೆ, ಕೇಳಿದ್ದಕ್ಕೆ ಕಳಿಸಿದರು. ಮೂರು ಸಲ ನೋಡಿದೆ. ಟವರ್ ಹೋಗುವಾಗ ಹೆಂಗೆ ಹೋಗುತ್ತದೆ ಎಂದು ನನಗೆ ಗೊತ್ತು. ಕಲ್ಲಿನ ಮೇಲೆ ನಿಂತು ನಾಲ್ಕು ವರ್ಷ ಅದನ್ನೇ ನೋಡಿದ್ದೇನೆ. ಮೊದಲು ಚಿತ್ರ ಅಂಟಿಕೊಳ್ಳುತ್ತದೆ. ಆಮೇಲೆ ಮಾತು ಹರಿದುಹರಿದು ಬರುತ್ತದೆ. ಒಮ್ಮೆ ಬಂದು, ಒಮ್ಮೆ ಹೋಗಿ, ಕೊನೆಗೆ ನಿಲ್ಲುತ್ತದೆ. ಅವತ್ತು ಹನ್ನೊಂದೂ ಇಪ್ಪತ್ತರ ತನಕ ತಿಳಿನೀರಿನ ಹಾಗಿದೆ. ಅಂಟಿಲ್ಲ, ಹರಿದಿಲ್ಲ. ಕತ್ತರಿಯಿಂದ ದಾರ ಕತ್ತರಿಸಿದ ಹಾಗೆ ಒಂದೇ ಸಲಕ್ಕೆ ಇಲ್ಲ.

ಹಾಗೇಕಾಯಿತು ಎಂದು ತಿಳಿಯುವ ಆಸೆ. ಅದಕ್ಕೇ ಕಿಟಕಿಯದನ್ನು ಕೇಳುತ್ತಿದ್ದೇನೆ. ಇದು ಮೂರನೆಯ ಸಲ. ನೀವು ಮನೆಯಲ್ಲಿ ಹಂಡೆಯ ಹಿಂದೆ ಅಳೆದಿದ್ದೀರಿ, ಪರಾತದ ಮುಂದೆ ಅಳೆದಿದ್ದೀರಿ, ನಾಲ್ಕು ಊರಿನವರ ಮನೆಯೊಳಗೆ ಹೋಗಿ ನೋಡಿ ಬಂದಿದ್ದೀರಿ. ನೀವು ಬೆಳಗಿನಿಂದ ಸಂಜೆಯ ತನಕ ಕೂರುವ ಕುರ್ಚಿಯಿಂದ ಆ ಕಿಟಕಿ ಮೂರು ಮಾರು ದೂರ.

ಶರಣು ರೂಮಿಗೆ ಸುಣ್ಣ ಹೊಡೆಸಲೇ ಎಂದು ಕೇಳುತ್ತಿದ್ದಾನೆ. ಇಪ್ಪತ್ತರ ತನಕ ತಡೆ ಎಂದಿದ್ದೇನೆ. ಕ್ಲಾಸು ಎಲ್ಲಿ ಮಾಡಿದರೂ ಮಾಡುತ್ತೇನೆ, ಅದರ ಚಿಂತೆ ನಿಮಗೆ ಬೇಡ. ಕರಪತ್ರದಲ್ಲಿ ಯಾವ ಊರು ಬರೆಯಬೇಕು ಎಂಬುದು ನಿಮ್ಮ ಮುಂದಿನ ಕಾಗದ ಓದಿದ ಮೇಲೆ ತೀರ್ಮಾನ ಮಾಡುತ್ತೇನೆ.

ಇಂತಿ,
ನೇತ್ರಾವತಿ


ಚನ್ನಗಿರಿ
15-3-2025

ಮಾನ್ಯ ಸಭಿಕರೇ,

ವೈಫೈ ಸ್ಥಾಪನಾ ಸಮಿತಿಯ ಅಂತಿಮ ವರದಿಯನ್ನು ತಮ್ಮ ಮುಂದಿಡಲು ಅನುಮತಿ ಕೋರುತ್ತೇನೆ. ಈ ವಾರ ದಿನಕ್ಕೆ ಮೂರು ಹೊತ್ತು ವೇಗ ಅಳೆಯಲಾಗಿದೆ. ಬೆಳಿಗ್ಗೆ ನಲವತ್ತು, ಮಧ್ಯಾಹ್ನ ಮೂವತ್ತೆಂಟು, ಸಂಜೆ ನಲವತ್ತೊಂದು. ಅಡುಗೆಮನೆಯಲ್ಲಿ ಅರ್ಧಕ್ಕಿಳಿಯುತ್ತದೆ. ಕರೆಂಟ್ ಹೋದರೂ ಪೆಟ್ಟಿಗೆ ನಡೆಯಲೆಂದು ಪ್ರೆಸ್ಸಿನ ಬ್ಯಾಟರಿಗೆ ಒಂದು ಎಳೆ ಜೋಡಿಸಲಾಗಿದೆ. ಬೆಕ್ಕು ಗೂಡಿನೊಳಗೆ ಮಲಗಲು ಕಲಿತಿದೆ, ಬೆಚ್ಚಗಿದೆಯಲ್ಲ. ಅದರಿಂದ ವೇಗಕ್ಕೆ ಏನಾಗುತ್ತದೆ ಎಂದೂ ಅಳೆದೆ, ಒಂದು ಬೆಕ್ಕಿಗೆ ಮೂರು ಕಡಿಮೆ.

ಕರಪತ್ರ ಐನೂರು ಅಚ್ಚಾಗಿವೆ, ಪ್ರಾಸವಿಲ್ಲದೆ. ಊರಿನ ಸಾಲು ಖಾಲಿ ಬಿಟ್ಟಿದ್ದೇನೆ. ಕಟ್ಟು ಕಟ್ಟಿ ಬಸ್ಸಿಗೆ ಹಾಕಿದ್ದೇನೆ. ಊರು ಯಾವುದಾದರೂ ನೀನು ಬರೆಯಬಹುದು, ಒಳ್ಳೆಯ ಕಾಗದ, ಪೆನ್ನಿನ ಶಾಯಿ ಹರಡುವುದಿಲ್ಲ.

ಇನ್ನು ಕಿಟಕಿ. ಈ ಬಗ್ಗೆ ಸಮಿತಿಯು ಮೂರು ದಿನದಿಂದ ಕರಡು ಬರೆಯುತ್ತಿದೆ. "ಕಿಟಕಿಯ ಕಡ್ಡಿ" ಎಂದು ಶುರುಮಾಡಿ ಎಂಟು ಸಾಲಿನ ಪದ್ಯವನ್ನೂ ಹೊಸೆದಿದ್ದೆ. ಅವ್ವ ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ನಿಂತಳು.

"ಏನು ಬರೀತೀಯ ಮೂರು ದಿನದಿಂದ?"

"ವರದಿ."

"ಅವಳು ಕೇಳಿದ್ದು ಒಂದೇ ಮಾತು. ಅದನ್ನ ಬರೆಯಾಕೆ ಇಷ್ಟು ಕಾಗದ ಬೇಕಾ?"

"ನಿನಗೆ ಹೇಳಿದ್ಲಾ?"

"ಅವಳು ಹೇಳಲಿಲ್ಲ. ಅವತ್ತು ನಾನು ಇಲ್ಲೇ ಅವರೆಕಾಯಿ ಸುಲೀತಾ ಕುಂತಿದ್ದೆ ಕಣೋ. ನನ್ನ ಕಣ್ಣಿಗೆ ಇನ್ನೂ ಪೊರೆ ಬಂದಿಲ್ಲ."

ಅವಳು ಒಳಗೆ ಹೋದಳು. ಪದ್ಯ ಹರಿದು ಹಾಕಿದೆ.

ನೇತ್ರಾ, ಕಿಟಕಿಯಲ್ಲಿ ನಾಲ್ಕು ಕಡ್ಡಿ ಇದೆ. ಅವತ್ತೂ ನಾಲ್ಕೇ ಇತ್ತು. ನಾನು ಕಾರ್ಡಿನ ಅಂಚು ಕತ್ತರಿಸುತ್ತಿದ್ದೆ. ನೀನು ಒಳಗೆ ಎಳೆ ಎಣಿಸುವುದನ್ನು ಹಾಡಿನಂತೆ ಹೇಳಿಕೊಡುತ್ತಿದ್ದೆ: "ಎಂಟೆಳೆ ಹಿಡಿಯೇ, ಒಂಬತ್ತಕೆ ಮಡಿಯೇ, ಹತ್ತಕೆ ಹಾಕೇ ಗಂಟು, ಗಂಡ ಕರೆದನು ಅಂತೆದ್ದು ಹೋದರೆ ಮತ್ತೆ ಮೊದಲಿನ ಎಂಟು." ಮೂವತ್ತೆಂಟು ಹೆಂಗಸರು ಫೋನಿನೊಳಗಿಂದ ಒಟ್ಟಿಗೆ ನಕ್ಕರು. ಆಮೇಲೆ ಒಟ್ಟಿಗೆ ಅದನ್ನೇ ತಿರುಗಿ ಹೇಳಿದರು. ಇಪ್ಪತ್ತು ವರ್ಷ ಎಲ್ಲರ ಕಾರ್ಡಿಗೂ ನಾನು ಹೊಸೆದ ಸಾಲುಗಳನ್ನು ಒಬ್ಬರೂ ತಿರುಗಿ ಹೇಳಿದ್ದು ಕೇಳಿಲ್ಲ. ನೀನು ಪ್ರಾಸ ಕಟ್ಟುತ್ತೀ ಎಂಬುದೂ ನನಗೆ ಗೊತ್ತಿರಲಿಲ್ಲ. ಹೊಟ್ಟೆ ಉರಿಯಿತು. ಕತ್ತರಿ ಕೆಳಗಿಟ್ಟು, ಕಿಟಕಿಗೆ ಹೋಗಿ, ಹಾಟ್‌ಸ್ಪಾಟ್ ಆಫ್ ಮಾಡಿದೆ. ನೀನು ಓಡಿ ಬಂದು "ಏನಾಯ್ತು ರೀ?" ಎಂದೆ. ನಾನು "ನೆಟ್‌ವರ್ಕ್ ಹೋಯ್ತು" ಎಂದೆ.

ಹೋಗಿರಲಿಲ್ಲ.

ಕೊಟ್ರೇಶ